ಬರಿದಾಗಿ ಬಾರದ ಕ್ಯಾಸೆಟ್ಟು

ಕೆ.ಆರ್. ಪೇಟೆಯಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳಿಗೆಂದು ಒಂದು ಉಚಿತ ಹಾಸ್ಟೆಲಿತ್ತು. ಪ್ರಮೀಳಾ ಅದರ ವಾರ್ಡನ್ನು. ಅಡುಗೆಯವಳು ಬಾರದ ದಿನ ಅಡುಗೆಯವಳು, ಜ್ವರ ಬಂದ ಮಗುವಿಗೆ ತಾಯಿ. ಆ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದದ್ದು ಕಿಕ್ಕೇರಿ ಕಡೆಯ ಒಂದೇ ಒಂದು ಹಳ್ಳಿ. ಸುಗ್ಗಿ ಮುಗಿಯುತ್ತಲೂ ಅಲ್ಲಿನ ಮನೆಗಳವರು ರಾಗಿ ಮೂಟೆ ಕಳಿಸುತ್ತಿದ್ದರು, ಮೆಹಬೂಬ್ ಪಾಷಾ ಬಾಡಿಗೆಯ ಮಾತೆತ್ತದೆ ತನ್ನ ಟೆಂಪೋದಲ್ಲಿ ತಂದು ಇಳಿಸುತ್ತಿದ್ದ. ತೊಂಬತ್ತರ ಇಸವಿ ದಾಟಿದ ಮೇಲೆ ಮೂಟೆಗಳು ವರ್ಷವರ್ಷವೂ ಕಡಿಮೆಯಾಗುತ್ತ ಬಂದವು. ಹೋದ ವರ್ಷ ಬಂದದ್ದು ದೀಪಾವಳಿವರೆಗೂ ಸಾಲಲಿಲ್ಲ.

ಸಂಸ್ಥೆಯ ಕಾರ್ಯದರ್ಶಿ ತಮ್ಮಯ್ಯನವರು ಕೆಟ್ಟವರೇನಲ್ಲ. ಆದರೆ ಪುಣ್ಯಾತ್ಮರು, ಎಲ್ಲದಕ್ಕೂ ಕಾಗದವೇ ಮದ್ದು ಎಂದು ನಂಬಿದವರು. ರಾಗಿ ಕೊಟ್ಟವರಿಗೆ ಅಚ್ಚು ಹಾಕಿಸಿದ ರಸೀತಿ, ಅದಕ್ಕೊಂದು ಮೊಹರು, ಮೊಹರಿನ ಕೆಳಗೆ ಧನ್ಯವಾದ. ಕಾಗದದ ಬಣ್ಣ ಬದಲಾಯಿಸಿ ನೋಡಿದರು, ದಪ್ಪ ಮಾಡಿಸಿ ನೋಡಿದರು. ರಾಗಿ ಮಾತ್ರ ಬರಲಿಲ್ಲ. ಕೊನೆಗೆ ಪ್ರಮೀಳಾಳನ್ನು ಕರೆದು, ಈ ಸುಗ್ಗಿಯಲ್ಲೂ ಹಿಂಗೇ ಆದರೆ ಹಾಸ್ಟೆಲು ಮುಚ್ಚಿ ಮಕ್ಕಳನ್ನು ದೂರದ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಬಿಡೋಣ ಎಂದರು. ಹಂಚುವುದಕ್ಕೆ ಮಕ್ಕಳೇನು ಮದುವೆಮನೆಯ ಎಲೆ ಅಡಿಕೆಯೇ? ಪ್ರಮೀಳಾ ಒಳಗೊಳಗೇ ಸಿಡಿದಳು. ಎಲ್ಲರಿಗಿಂತ ಚಿಕ್ಕವಳು ರಂಜಿತ. ಅವಳನ್ನು ತಂದು ಬಿಟ್ಟುಹೋದವರು ಹಬ್ಬಕ್ಕೂ ತಿರುಗಿ ನೋಡಿರಲಿಲ್ಲ. ಆ ಮಗು ಪ್ರಮೀಳಾಳ ಸೆರಗು ಹಿಡಿದುಕೊಂಡೇ ಮಲಗುವುದು. ಅದನ್ನು ಯಾವ ಊರಿಗೆಂದು ಕಳಿಸುವುದು?

ಓದಿದ್ದನ್ನು ಮರೆಯುವ ಜನ ಕೇಳಿದ್ದನ್ನು ಮರೆಯಲಾರರು ಎಂದು ಅವಳಿಗೆ ಅನ್ನಿಸಿತು. ಪಕ್ಕದ ಮನೆಯ ಖೈರುನ್ನೀಸಾಳಿಂದ ಟೇಪ್ ರೆಕಾರ್ಡರ್ ಎರವಲು ತಂದಳು, ಒಂದು ಹೊಸ ಕ್ಯಾಸೆಟ್ಟು ಕೊಂಡಳು, ಮಕ್ಕಳನ್ನು ಸುತ್ತ ಕೂರಿಸಿ ಕೆಂಪು ಗುಂಡಿ ಒತ್ತಿದಳು. ಒಬ್ಬಳು ಹಾಡಿದಳು, ಒಬ್ಬಳು ಮಗ್ಗಿ ಒಪ್ಪಿಸಿದಳು, ಒಬ್ಬಳು ಬೆರಳಲ್ಲಿ ಪಾಠ ಓದಿದಳು. ಎಲ್ಲ ಚೆಂದವಾಗಿ ನಡೆಯುತ್ತಿರುವಾಗ ರಂಜಿತ ಮುಂದಕ್ಕೆ ಬಾಗಿ, ರಾಗಿ ಕಳಿಸುವವರೇ, ಹೋದ ಸಲ ನಿಮ್ಮ ರಾಗಿಯಲ್ಲಿ ಕಲ್ಲಿತ್ತು, ನನ್ನ ಹಲ್ಲು ಮುರಿದುಹೋಯಿತು ಎಂದುಬಿಟ್ಟಳು.

ಪ್ರಮೀಳಾ ಗಡಿಬಿಡಿಯಲ್ಲಿ ಗುಂಡಿ ಒತ್ತಿ ನಿಲ್ಲಿಸಿದಳು. ಬೇಡುವ ಕಡೆಯವರು ನಾವು, ನಮ್ಮ ಬಾಯಲ್ಲಿ ದೂರು ಬೇರೆ! ಅದೊಂದನ್ನು ಅಳಿಸೋಣವೆಂದರೆ ಎಲ್ಲಿಂದ ಎಲ್ಲಿಗೆ ಒತ್ತಬೇಕೋ ಅವಳಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಪಾಷಾನ ಹಾರ್ನು ಕೇಳಿತು. ಇನ್ನೊಂದು ಪ್ರತಿ ತೆಗೆದಿಡಬೇಕೆಂದೂ ತೋಚದೆ ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟು, ಚಿಕ್ಕಬೋರಮ್ಮನಿಗೆ ತಲುಪಿಸಿ ಎಂದಳು. ಚಿಕ್ಕಬೋರಮ್ಮ ಆ ಊರಿನ ಹಿರಿಯ ಜೀವ. ಆಕೆ ಒಂದು ಮೂಟೆ ಕಟ್ಟಿಸಿದರೆ ಊರೇ ಕಟ್ಟುತ್ತಿತ್ತು, ಆಕೆ ಕೈ ಬಿಗಿ ಹಿಡಿದ ಮೇಲೆಯೇ ಊರೂ ಕೈ ಬಿಗಿ ಹಿಡಿದದ್ದು.

ಆಮೇಲಿನ ದಿನಗಳಲ್ಲಿ ಪ್ರಮೀಳಾ ಉಂಡದ್ದು ಮೈಗೆ ಹತ್ತಲಿಲ್ಲ. ಸಂಕ್ರಾಂತಿಯೂ ಕಳೆಯಿತು. ಒಂದು ಮಧ್ಯಾಹ್ನ ಪಾಷಾ ಬಂದ. ಟೆಂಪೋ ಖಾಲಿ, ಕೈಯಲ್ಲಿ ಅದೇ ಕ್ಯಾಸೆಟ್ಟು. ರಾಗಿ ಕೇಳಿದ್ದಕ್ಕೆ ಚಿಕ್ಕಬೋರಮ್ಮ ಇದನ್ನೇ ಕೊಟ್ಟರು ಎಂದ. ಬೇರೆ ವರ್ಷ ಆ ಊರಿನ ಟಾರು ರಸ್ತೆಯ ಉದ್ದಕ್ಕೂ ರಾಗಿ ಹರಡಿರುತ್ತಿತ್ತು, ಬಸ್ಸು ಲಾರಿಗಳೇ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತಿದ್ದವು, ಈ ಸಲ ರಸ್ತೆಯಲ್ಲಿ ಒಂದು ತೆನೆಯೂ ಕಾಣಲಿಲ್ಲ ಎಂದೂ ಹೇಳಿದ. ಬೆಳೆಯೇ ಕೈಕೊಟ್ಟಿರಬೇಕು ಎಂದುಕೊಂಡಳು ಪ್ರಮೀಳಾ.

ಮಕ್ಕಳು ಬಿಡಬೇಕಲ್ಲ. ತಮ್ಮ ದನಿ ತಾವೇ ಕೇಳಬೇಕೆಂದು ಪೀಡಿಸಿದವು. ಅವಳು ಕ್ಯಾಸೆಟ್ಟು ಹಾಕಿದಳು. ಹಾಡು ಬರಲಿಲ್ಲ, ಮಗ್ಗಿ ಬರಲಿಲ್ಲ. ಗರಗರ ಸದ್ದಾಗಿ ಒಬ್ಬ ಮುದುಕಿಯ ದನಿ ಬಂತು.

"ಒತ್ತಿದ್ಯೇನ್ಲಾ? ಓಡ್ತಾ ಐತಾ? ಅವ್ವಾ ಮಕ್ಕಳಾ, ನಾನು ಚಿಕ್ಕಬೋರಮ್ಮ. ನಿಮ್ ದನಿ ಬಂತು, ಊರೋರೆಲ್ಲ ನಮ್ ಜಗಲಿ ಮ್ಯಾಲ್ ಕೂತ್ಕಂಡು ಕೇಳುದ್ವಿ. ಪಾತ್ರೆ ತುಂಬಾ ಕಳ್ಸಿದ್ದೀರಿ, ಬರೀದು ವಾಪಸ್ ಕಳ್ಸೋದು ನಮ್ ಕಡೆ ಇಲ್ಲ. ಅದಕ್ಕೇ ನಾನೂ ಒಂದೀಟು ತುಂಬುಸ್ತಿವ್ನಿ."

ನೋಡಿ ಆಕೆಯ ಲೆಕ್ಕಾಚಾರ! ಆ ಕಡೆ ನೆರೆಯವರು ಬಟ್ಟಲಲ್ಲಿ ಸಾರು ಕಳಿಸಿದರೆ ಬಟ್ಟಲನ್ನು ಸುಮ್ಮನೆ ತೊಳೆದು ಕೊಡುವುದಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿಯೇ ಕೊಡುವುದು. ಕ್ಯಾಸೆಟ್ಟಿಗೂ ಅದೇ ಮರ್ಯಾದೆ ಸಂದಿತ್ತು. ಕೇಳಿ ಮುಗಿದ ಟೇಪನ್ನು ಹಿಂದಕ್ಕೆ ಸುತ್ತಿ, ಅದರ ಮೇಲೇ ಮಾತಾಡಿದರೆ ಮಕ್ಕಳ ದನಿ ಅಳಿಸಿಹೋಗುತ್ತದೆಂದು ಆಕೆಗೇನು ಗೊತ್ತು! ರಾಗಿಯೂ ಇಲ್ಲ, ಮಕ್ಕಳ ದನಿಯೂ ಇಲ್ಲ ಎಂದು ಪ್ರಮೀಳಾ ಗೋಡೆಗೊರಗಿದಳು. ಮಕ್ಕಳು ಮಾತ್ರ ಉಸಿರು ಬಿಗಿಹಿಡಿದು ಕೇಳುತ್ತಿದ್ದವು.

"ಇಷ್ಟ್ ವರ್ಸ ರಾಗಿ ಕಳ್ಸುದ್ವಿ, ಚೀಟಿ ಬತ್ತಿತ್ತು. ಉಂಡೋರು ಯಾರು, ಚೆಂದಾಗಿತ್ತಾ, ಮುಗ್ಗಲಾಗಿತ್ತಾ, ಒಬ್ರೂ ಒಂದ್ ಮಾತ್ ಯೋಳ್ಲಿಲ್ಲ. ಬಾವಿಗ್ ಸುರುದಂಗಾಯ್ತು ಅಂತ ಕಮ್ಮಿ ಮಾಡ್ಕಂಡ್ ಬಂದ್ವಿ. ಈಗ ಈ ಮೊಗ ಯೋಳ್ತು ನೋಡು. ಅದು ನಮ್ಮಟ್ಟಿ ರಾಗಿ ಕಣವ್ವ, ರೋಡ್ ಮ್ಯಾಲ್ ಹಾಕಿದ್ದು, ಕಲ್ಲು ಸೇರ್ಕಂಬುಡ್ತು. ನಿನ್ ಹಲ್ ಮುರ್ದೋಳು ನಾನೇ."

ಟೇಪಿನಲ್ಲಿ ಆ ದನಿಯ ಹಿಂದೆ ಎಲ್ಲೋ ಕರು ಕೂಗಿತು.

"ಈ ಸಲ ಊರೋರೆಲ್ಲ ಕಣ ಮಾಡ್ತಾವ್ರೆ. ಸಗಣಿ ಸಾರ್ಸಿ, ದನ ಕಟ್ಟಿ ತುಳುಸ್ತೀವಿ, ಕೇರಿ ಕಳುಸ್ತೀವಿ. ತಡ ಆಯ್ತದೆ. ಅಲ್ಲೀಗಂಟ ಒಸಿ ತಡ್ಕಳಿ."

ಆಮೇಲೆ ಊರವರೆಲ್ಲ ಸರದಿಯಲ್ಲಿ ಬಂದರು. ಕೆಂಪಣ್ಣನೆಂಬ ಯಜಮಾನ ಕೆಮ್ಮಿ ಕೆಮ್ಮಿ ತನ್ನ ಹೆಸರು ಮಾತ್ರ ಹೇಳಿ ನಾಚಿ ಎದ್ದುಹೋದ. ಮಾಯಮ್ಮ ಎಂಬಾಕೆ ಹಾಡಿದ ಮಗುವಿಗೆ ದೃಷ್ಟಿ ತೆಗೆಯಿರಿ ಎಂದಳು. ಪ್ರಮೀಳಾ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು. ದೂರೆಂದು ಅವಳು ಹೆದರಿದ ಮಾತೇ ಆ ಊರಿಗೆ ಬೇಕಾಗಿತ್ತು. ಉಣ್ಣುವವರು ಇದ್ದಾರೆ ಎಂದು ಅವರಿಗೆ ಗೊತ್ತಾದದ್ದು ಅದರಿಂದಲೇ. ಮಕ್ಕಳು ತಮ್ಮ ಹಾಡು ಹೋಯಿತೆಂದು ಒಂದು ಮಾತೂ ಆಡದೆ, ಇನ್ನೊಂದು ಸಲ ಹಾಕಕ್ಕ ಎಂದವು.

ಶಿವರಾತ್ರಿಯ ಹೊತ್ತಿಗೆ ಟೆಂಪೋ ಬಂತು. ಚಕ್ರ ಅದುಮಿಹೋಗುವಷ್ಟು ಮೂಟೆ. ತಮ್ಮಯ್ಯನವರು ರಸೀತಿ ಪುಸ್ತಕ ಹಿಡಿದು ಓಡಿ ಬಂದರು. ಮುಂದಿನ ಸೀಟಿನಿಂದ ಇಳಿದ ಚಿಕ್ಕಬೋರಮ್ಮ ಅದರ ಕಡೆ ನೋಡಲೂ ಇಲ್ಲ. ಹಲ್ಲು ಮುರಿದ ಮಗು ಎಲ್ಲಿ ಎಂದು ಕೇಳಿದಳಷ್ಟೇ.

ಆ ದನಿ ಕೇಳಿ ಒಳಗಿದ್ದ ಮಕ್ಕಳೆಲ್ಲ ಅಜ್ಜಿ ಬಂದಳೆಂದು ಗೋಡೆ ಸವರಿಕೊಂಡು ಹೊರಗೆ ಬಂದವು. ರಂಜಿತ ಎಲ್ಲರಿಗಿಂತ ಮುಂದೆ. ಮುದುಕಿ ಅವಳ ಬಾಯಿ ಬಿಡಿಸಿ, ಸಂದಿಯಲ್ಲಿ ಬೆರಳಾಡಿಸಿದಳು. ಅಲ್ಲಿ ಹೊಸ ಹಲ್ಲಿನ ಅಂಚು ಮೊಳೆಯುತ್ತಿತ್ತು. ಬಿದ್ದದ್ದು ಹಾಲುಹಲ್ಲು. ಪ್ರಮೀಳಾಳಿಗೆ ಅದು ಮೊದಲೇ ಗೊತ್ತು; ಮೋಸ ಹೋದೆನೆಂದು ಈಕೆ ಮುನಿಸಿಕೊಂಡರೆ ಗತಿಯೇನೆಂದು ಅವಳು ಹೆದರಿದಳು.

ಚಿಕ್ಕಬೋರಮ್ಮ ನಕ್ಕಳು. ಹಾಲುಹಲ್ಲಿಗಾಗಿ ಇಡೀ ಊರಿನ ಸೊಂಟ ಮುರಿಸಿದೆಯಲ್ಲೇ ಎಂದು ಮಗುವಿನ ಕೆನ್ನೆ ಹಿಂಡಿದಳು. ನಗುತ್ತ ನಗುತ್ತಲೇ ಆಕೆಯ ಕಣ್ಣು ತುಂಬಿ ಬಂತು.

ಮೂಟೆ ಇಳಿಸಿ ಮುಗಿಸಿದ ಪಾಷಾ ಟೆಂಪೋ ಸ್ಟಾರ್ಟು ಮಾಡಿದ. ಆ ಸದ್ದಿಗೆ ರಂಜಿತ ಮುದುಕಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನೂ ಒಂಟೋಯ್ತೀಯಾ ಅಜ್ಜಿ?"

ಚಿಕ್ಕಬೋರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು, ಮಗುವನ್ನು ತೊಡೆಗೆ ಎಳೆದುಕೊಂಡಳು.

"ಪಾಷಣ್ಣ, ನೀನ್ ನಡಿಯಪ್ಪ. ಅಟ್ಟೀಲಿ ಯೋಳ್ಬುಡು, ನಾನು ನಾಕ್ ದಿನ ಬುಟ್ಕಂಡು ಬತ್ತೀನಿ."