ಗಿಡ್ಡ ಪಟ್ಟಿಗಳ ಸದ್ದು

ನನ್ನ ಕನ್ನಡದಿಂದ ನನ್ನ ಮೊಮ್ಮಗಳು ಹಾಳಾಗುತ್ತಿದ್ದಾಳೆ ಎಂದು ತೀರ್ಮಾನವಾದದ್ದು ನಾನೇ ಬಡಿದ ರೊಟ್ಟಿ ತಿನ್ನುತ್ತ. ಮಗ ಶಿವಪ್ರಕಾಶ ನನ್ನ ಮುಖ ನೋಡದೆ ಹೇಳಿದ. ಸೊಸೆ ಮಾಧುರಿ ಪಲ್ಯ ಬಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದಳು.

"ಅವ್ವಾ, ಸಾಲ್ಯಾಗ ಮ್ಯಾಡಮ್ ಹೇಳ್ಯಾರ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಟೀವ್ಯಾಗ ಹಿಂದಿ. ಕೂಸಿಗೆ ಗೊಂದಲ ಆಗೇದಂತ. ಇನ್ನ ಮ್ಯಾಲೆ ಮನ್ಯಾಗೂ ಮರಾಠಿನ ಮಾತಾಡ್ರಿ ಅಂದಾರ. ನಿನಗ ಮರಾಠಿ ಬರೂದಿಲ್ಲ."

"ಬರ್ತದ. ಸಂತ್ಯಾಗ ಬದನಿಕಾಯಿ ತಗೊಳ್ಳೂವಷ್ಟು ಬರ್ತದ."

"ಅಷ್ಟ ಸಾಕಾಗೂದಿಲ್ಲಬೇ. ನೀ ಗೋಕಾಕಕ್ಕ ಅಕ್ಕನ ಮನಿಗೆ ಹೋಗು. ಶಿವಾನಿ ಮಾತು ಕಲಿತ ಮ್ಯಾಲೆ ಬರೂವಂತಿ. ಶನಿವಾರ ಸಂಜೀಕ ಬಸ್ಸಿಗೆ ಟಿಕೆಟ್ ತಗದೀನಿ."

ಟಿಕೆಟ್ ತೆಗೆದ ಮೇಲೆ ಕೇಳುವುದೇನು ಬಂತು? ಮಾಧುರಿ ಬ್ಯಾಂಕಿನ ಕೆಲಸಕ್ಕೆ ಮರಳಿ ಹೋಗಬೇಕಾದಾಗ ಕೂಸನ್ನು ನೋಡಿಕೊಳ್ಳಲೆಂದು ಬೈಲಹೊಂಗಲದಿಂದ ಪುಣೆಯ ಈ ಖಡಕಿಗೆ ನನ್ನನ್ನು ಕರೆಸಿದ್ದು ಇವರೇ. ಎಣ್ಣೆ ಹಚ್ಚಿ ಎರೆದವಳು ನಾನು, ಕಾಲ ಮೇಲೆ ಮಲಗಿಸಿ ತಟ್ಟಿದವಳು ನಾನು. ಈಗ ನನ್ನ ಬಾಯಿಯೇ ರೋಗವಾಗಿಬಿಟ್ಟಿತು.

ಆದರೆ ಹಾಗೆ ಅಂದುಕೊಳ್ಳುವುದಕ್ಕೆ ಅವರಿಗೆ ಕಾರಣವಿರಲಿಲ್ಲ ಎಂದು ಹೇಳಲಾರೆ. ಶಿವಾನಿಗೆ ನಾಲ್ಕು ತುಂಬುತ್ತ ಬಂದರೂ 'ಅಬ್ಬ', 'ಅವ್ವ', 'ಊವ' ಬಿಟ್ಟರೆ ಮಾತಿರಲಿಲ್ಲ. ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಸಿದ್ಧವಿತ್ತು. ಶಾಲೆಯಲ್ಲಿ ಹೇಳಿದ್ದನ್ನು ಮಾಡದಿದ್ದರೆ, ಪಾಪ ಕಾನಡಿ ಹುಡುಗಿ, ಮರಾಠಿ ತಿಳಿಯುವುದಿಲ್ಲ ಅನ್ನುತ್ತಿದ್ದರು ಅಲ್ಲಿಯವರು. ಮನೆಯಲ್ಲಿ ಮಾಡದಿದ್ದರೆ, ಶಾಲೆಯಲ್ಲಿ ಮರಾಠಿ ತುಂಬುತ್ತಾರೆ, ಕನ್ನಡ ತಲೆಗೆ ಹತ್ತುತ್ತಿಲ್ಲ ಅನ್ನುತ್ತಿದ್ದೆವು ನಾವು. ಪುಣೆಯಲ್ಲಿ ನಮ್ಮವರ ಮಕ್ಕಳಿಗೆ ಮಾತು ತಡವಾಗುವುದು ಹೊಸದೇನಲ್ಲ. ನಮ್ಮ ಬಿಲ್ಡಿಂಗಿನಲ್ಲೇ ತಡವಾಗಿ ಬಾಯಿ ಬಿಟ್ಟು ಆಮೇಲೆ ಮೂರೂ ಭಾಷೆಯನ್ನು ಅರಳು ಹುರಿದಂತೆ ಆಡಿದ ಹುಡುಗರಿದ್ದರು.

ಮಾಧುರಿಗೆ ಇನ್ನೊಂದು ಸಂಕಟವೂ ಇತ್ತು. ಅವಳು ಕರೆದರೆ ಮಗಳು ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ ಕರೆದರೆ ಓಡುತ್ತಿದ್ದಳು, ನಾನು ಕರೆದರೆ ಓಡುತ್ತಿದ್ದಳು. ನನ್ನದು ಗಂಡಸಿನಂಥ ದಪ್ಪ ದನಿ. ಸೊಸೆಯದು ಸಣ್ಣ ದನಿ, ಸಿಟ್ಟು ಬಂದಾಗ ಇನ್ನೂ ಸಣ್ಣಗಾಗುತ್ತದೆ. ಕೂಸನ್ನು ನಾನು ತಾಯಿಯಿಂದ ಕಿತ್ತುಕೊಂಡಿದ್ದೇನೆ ಎಂದು ಅವಳು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಅಡುಗೆಮನೆಯಲ್ಲಿ ಪಾತ್ರೆಗಳು ಅನ್ನುತ್ತಿದ್ದವು.

ಬಾಯಿ ಬಿಡಿಸುವುದಕ್ಕೆ ಸಂಗೀತ ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ಶಿವಾನಿಯನ್ನು ಯಶ್ಮಿತಾಳ ಕ್ಲಾಸಿಗೆ ಹಾಕಿದ್ದರು. ಯಶ್ಮಿತಾ ಕುಂದಾಪುರದ ಕಡೆಯವಳು. ಅವಳ ಅಪ್ಪನ ಹೋಟೆಲಿನ ಮೇಲಿನ ಹಾಲಿನಲ್ಲಿ ಬುಧವಾರ, ಶನಿವಾರ ಸಣ್ಣ ಮಕ್ಕಳನ್ನು ಕೂರಿಸಿಕೊಳ್ಳುತ್ತಾಳೆ. ಕೆಳಗಿನಿಂದ ಸಾಂಬಾರಿನ ವಾಸನೆ, ಮೇಲೆ ಚಾಪೆಯ ಮೇಲೆ ಝೈಲೋಫೋನ್. ಹೆಸರಷ್ಟೇ ದೊಡ್ಡದು. ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿದ ಕಟ್ಟಿಗೆ ಪಟ್ಟಿಗಳು, ಬಡಿಯುವುದಕ್ಕೆ ಉಂಡೆ ತಲೆಯ ಎರಡು ಕೋಲು. ಉದ್ದ ಪಟ್ಟಿ ಬಡಿದರೆ ತಗ್ಗಿನ ದನಿ, ಪಟ್ಟಿ ಗಿಡ್ಡವಾದಷ್ಟೂ ಏರು ದನಿ. ಅದನ್ನು ಕಂಡರೆ ಶಿವಾನಿ ಊಟ ಬಿಟ್ಟು ಏಳುತ್ತಿದ್ದಳು.

"ಅಜ್ಜೀ, ಇವಳಿಗೆ ಉದ್ದದ ಪಟ್ಟಿಗಳೇ ಇಷ್ಟ ಕಾಣ್ತದೆ. ಗಿಡ್ಡದ್ದನ್ನು ಮುಟ್ಟೋದೇ ಇಲ್ಲ ಮಾರಾಯ್ರೆ," ಎಂದು ಯಶ್ಮಿತಾ ನಗುತ್ತಿದ್ದಳು. ನನ್ನ ಮೊಮ್ಮಗಳಿಗೆ ಬೇಕು ಬೇಡ ತಿಳಿಯುತ್ತದೆ ಎಂದು ನಾನೂ ಬೀಗುತ್ತಿದ್ದೆ.

ಟಿಕೆಟ್ ಮಾತಾದ ಮರುದಿನ ಬುಧವಾರ. ಅವತ್ತು ಹೊಸ ಆಟ. ಮಕ್ಕಳೆಲ್ಲ ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಹಿಂದೆ ಯಶ್ಮಿತಾ ಪಟ್ಟಿ ಬಡಿದಾಗಲೆಲ್ಲ ಒಂದು ಮಣಿ ಬಟ್ಟಲಿಗೆ ಹಾಕಬೇಕು. ಉದ್ದ ಪಟ್ಟಿಗಳಿಂದ ಶುರುಮಾಡಿದಳು. ಎಲ್ಲರ ಮಣಿಗಳೂ ಟಣ್ ಟಣ್ ಎಂದು ಬಿದ್ದವು, ಶಿವಾನಿಯದೂ ಬಿತ್ತು. ದನಿ ಏರುತ್ತ ಏರುತ್ತ ಗಿಡ್ಡ ಪಟ್ಟಿಗಳಿಗೆ ಬಂತು. ಉಳಿದವರ ಮಣಿ ಬೀಳುತ್ತಲೇ ಇತ್ತು. ನನ್ನ ಶಿವಾನಿ ಮಣಿ ಹಿಡಿದ ಕೈ ಎತ್ತಿಕೊಂಡು ಸುಮ್ಮನೆ ಕೂತಿದ್ದಳು.

ಬಾಗಿಲಲ್ಲಿ ನಿಂತಿದ್ದ ಒಬ್ಬ ತಾಯಿ ಪಕ್ಕದವಳಿಗೆ ಮರಾಠಿಯಲ್ಲಿ ಪಿಸುಗುಟ್ಟಿದಳು, ಪಾಪ, ಕಾನಡಿ ಹುಡುಗಿ, ಹೇಳಿದ್ದು ತಿಳಿದಿಲ್ಲ ಎಂದು. ನನಗೆ ಅಷ್ಟು ಮರಾಠಿ ಬರುತ್ತದೆ. ಮೈಯೆಲ್ಲ ಉರಿಯಿತು. ತಿಳಿಯದ್ದೇನು ಬಂತವ್ವಾ, ಆ ಕಟ್ಟಿಗೆ ಏನು ಮರಾಠಿ ಮಾತಾಡುತ್ತದೆಯೇ ಎಂದು ಜಾಡಿಸಬೇಕೆಂದು ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ಉಳಿಯಿತು. ಹೌದಲ್ಲ, ಕಟ್ಟಿಗೆ ಮರಾಠಿ ಮಾತಾಡುವುದಿಲ್ಲ. ಕನ್ನಡವನ್ನೂ ಮಾತಾಡುವುದಿಲ್ಲ. ಹಾಗಾದರೆ ಈ ಕೂಸು ಯಾಕೆ ಸುಮ್ಮನೆ ಕೂತಿದೆ?

ಅವತ್ತು ಮಧ್ಯಾಹ್ನ ಮನೆಯಲ್ಲಿ ನಾನು, ಅವಳು ಇಬ್ಬರೇ. ಅವಳು ಅತ್ತ ತಿರುಗಿ ಗೊಂಬೆಗೆ ಊಟ ಮಾಡಿಸುತ್ತಿದ್ದಳು. ನಾನು ಹಿಂದಿನಿಂದ ಚಮಚೆಯಿಂದ ಸ್ಟೀಲಿನ ಲೋಟ ಬಡಿದೆ. ತಿರುಗಲಿಲ್ಲ. ಕೈಬಳೆ ಅಲ್ಲಾಡಿಸಿದೆ. ತಿರುಗಲಿಲ್ಲ. ಕಲ್ಲಿನ ಗುಂಡನ್ನು ನೆಲಕ್ಕೆ ಬಿಟ್ಟೆ. ಬೆಚ್ಚಿ ತಿರುಗಿ, ನನ್ನನ್ನು ಕಂಡು ನಕ್ಕಳು. ನಾನು ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟೆ.

ಹೇಳಬೇಕು. ಆದರೆ ಯಾವ ಬಾಯಿಂದ ಹೇಳಲಿ? ಶನಿವಾರ ಮನೆಯಿಂದ ಕಳಿಸುತ್ತೇವೆ ಅನ್ನಿಸಿಕೊಂಡ ಮುದುಕಿ ನಾನು. ತಪ್ಪು ನನ್ನ ಕನ್ನಡದ್ದಲ್ಲ, ಕೂಸಿನ ಕಿವಿಯದು ಎಂದರೆ ನಂಬುವವರು ಯಾರು? ಆದರೂ ಮಗ ಕೆಲಸದಿಂದ ಬಂದು ಚಹ ಕುಡಿಯುವಾಗ ಹೇಳಿದೆ. ಅಂದುಕೊಂಡದ್ದೇ ಆಯಿತು.

"ಅವ್ವಾ, ಹೋಗಬಾರದಂತ ಏನೇನರೆ ಹುಟ್ಟಿಸಿ ಹೇಳಬ್ಯಾಡ," ಎಂದ. ಕಪ್ಪು ಕೆಳಗಿಟ್ಟು, ಎದ್ದು ಬಾಗಿಲ ಮರೆಗೆ ಹೋಗಿ ನಿಂತ. "ಶಿವಾನೀ!"

ಶಿವಾನಿ ಗೊಂಬೆ ಬಿಟ್ಟು ಅಪ್ಪನ ಹತ್ತಿರ ಓಡಿದಳು.

"ನೋಡಿದಿ? ಕಿವಿ ಹೆಂಗ ಅದಾವ?" ಎಂದು ನನ್ನತ್ತ ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಿತ್ತು. ಹೆತ್ತ ಮಗ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಮಾಧುರಿ ನನಗೂ ಕೇಳುವಂತೆ ಗಂಡನಿಗೆ ಅಂದಳು, "ಕೂಸಿಗೆ ಇಲ್ಲದ ರೋಗ ಹಚ್ಚಬಾರದ್ರಿ ಯಾರೂ." ಆಮೇಲೆ ಒಳಗೆ ಹೋಗಿ ನನ್ನ ಸೀರೆಗಳನ್ನು ಮಡಿಸಿ ತಂದು ಮಂಚದ ಮೇಲಿಟ್ಟಳು. ಅಷ್ಟು ನೀಟಾಗಿ ಅವಳು ನನ್ನ ಸೀರೆ ಎಂದೂ ಮಡಿಸಿರಲಿಲ್ಲ.

ಶುಕ್ರವಾರದ ಹೊತ್ತಿಗೆ ನನಗೇ ಅನುಮಾನ ಶುರುವಾಯಿತು. ಒಮ್ಮೆ ಕರೆದರೆ ತಿರುಗುತ್ತಾಳೆ, ಒಮ್ಮೆ ಇಲ್ಲ. ಟ್ರಕ್ಕು ಬಂದರೆ ಕಿಟಕಿಗೆ ಓಡುತ್ತಾಳೆ, ಕುಕ್ಕರಿನ ಸೀಟಿಗೆ ಕಣ್ಣೂ ಮಿಟುಕಿಸುವುದಿಲ್ಲ. ಹೋಗಲಾರದ ಸಂಕಟಕ್ಕೆ ನಾನೇ ಇದನ್ನೆಲ್ಲ ಕಟ್ಟಿಕೊಂಡೆನೇನೋ? ಅಂಥ ನೀಚ ಮುದುಕಿಯೇ ನಾನು? ಆದರೆ ನಾನು ಹೊರಟು ಹೋದರೆ ಈ ಮನೆಯಲ್ಲಿ ಇದನ್ನು ಮತ್ತೆ ಎತ್ತುವವರು ಯಾರೂ ಇಲ್ಲ. ಮರಾಠಿ ಕಲಿಯಲಿ ಎಂದು ಕಾಯುತ್ತ ಕೂಡುತ್ತಾರೆ, ಕೂಸಿನ ಮಾತು ಕಲಿಯುವ ವಯಸ್ಸು ಹೋಗಿಬಿಡುತ್ತದೆ.

ಶನಿವಾರ ಬೆಳಿಗ್ಗೆ ಮಗನ ಎದುರು ನಿಂತೆ.

"ಸಂಜೀಕ ಹೋಗ್ತೀನಿ. ಒಂದು ಮಾತೂ ಆಡೂದಿಲ್ಲ. ಆದ್ರ ಈಗ ನೀವಿಬ್ರೂ ನನ್ನ ಸಂಗಾಟ ಆ ಕ್ಲಾಸಿಗೆ ಬರಬೇಕು. ಬರೂದಿಲ್ಲ ಅಂದ್ರ ನನ್ನ ಹೆಣ ಹೊತ್ಕೊಂಡು ಬಸ್ಸಿಗೆ ಹಾಕ್ರಿ."

ಬಂದರು. ನನ್ನ ಮೇಲಿನ ಪ್ರೀತಿಗಲ್ಲ, ಒಮ್ಮೆ ಮುಗಿಯಲಿ ಎಂದು.

ಕ್ಲಾಸು ಬಿಡುವ ತನಕ ಕಾದೆವು. ಮಕ್ಕಳೆಲ್ಲ ಕೆಳಗಿಳಿದ ಮೇಲೆ ನಾನು ಯಶ್ಮಿತಾಳಿಗೆ ಎಲ್ಲವನ್ನೂ ಹೇಳಿದೆ. ಅವಳ ನಗು ಮಾಯವಾಯಿತು. "ಬುಧವಾರ ನಾನೂ ನೋಡಿದೆ ಅಜ್ಜಿ. ಆಟ ಗೊತ್ತಾಗಲಿಲ್ಲವೋ ಏನೋ ಅಂತ ಬಿಟ್ಟೆ," ಎಂದಳು. ಬಾಗಿಲು ಹಾಕಿದಳು, ಫ್ಯಾನು ನಿಲ್ಲಿಸಿದಳು. ಶಿವಾನಿಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಮಣಿಗಳನ್ನೂ ಬಟ್ಟಲನ್ನೂ ಮುಂದಿಟ್ಟಳು. ಮಗ ಕೈ ಕಟ್ಟಿ ನಿಂತ. ಸೊಸೆ ಕುರ್ಚಿಯ ತುದಿಯಲ್ಲಿ ಕೂತಳು.

ಮೊದಲು ಎಲ್ಲಕ್ಕಿಂತ ಉದ್ದದ ಪಟ್ಟಿ. ಮೆಲ್ಲಗೆ ಬಡಿದಳು. ಮಣಿ ಬಿತ್ತು. ಮುಂದಿನದು. ಬಿತ್ತು. ಅದರ ಮುಂದಿನದು. ಬಿತ್ತು. ಮಗ ನನ್ನತ್ತ ಒಂದು ನೋಟ ಎಸೆದ. ದೇವರೇ, ಎಲ್ಲವೂ ಬೀಳಲಿ, ನನ್ನ ಮಾತು ಸುಳ್ಳಾಗಲಿ ಎಂದು ಆ ಕ್ಷಣ ನಿಜವಾಗಿ ಬೇಡಿಕೊಂಡೆ.

ದನಿ ಏರಿತು. ಶಿವಾನಿಯ ಕೈ ಗಾಳಿಯಲ್ಲಿ ನಿಂತಿತು.

ಯಶ್ಮಿತಾ ಮತ್ತೆ ಬಡಿದಳು. ಅದರಾಚೆಯ ಪಟ್ಟಿಯನ್ನೂ ಬಡಿದಳು. ಹಾಲಿನ ತುಂಬ ಆ ಸಣ್ಣ ದನಿ ಚುಚ್ಚುವ ಹಾಗೆ ಕೇಳುತ್ತಿತ್ತು. ಕೂಸು ಕದಲಲಿಲ್ಲ.

"ಬ್ಯಾಸರಾಗೇದ ಆಕಿಗೆ," ಎಂದ ಮಗ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಯಶ್ಮಿತಾ ಕೋಲನ್ನು ಉದ್ದ ಪಟ್ಟಿಗೆ ತಂದಳು. ಬಡಿದ ತಕ್ಷಣ ಮಣಿ ಟಣ್ ಎಂದಿತು. ಗಿಡ್ಡದಕ್ಕೆ ಹೋದಳು. ಕೈ ಗಾಳಿಯಲ್ಲಿ. ಮತ್ತೆ ಉದ್ದದ್ದು. ಟಣ್. ಮತ್ತೆ ಗಿಡ್ಡದ್ದು, ಈ ಸಲ ಬಿಡದೆ ಬಡಿದಳು. ಸದ್ದು ಬಾರದೆ ಕಾದು ಕಾದು ಶಿವಾನಿ ಕೊನೆಗೆ ತಿರುಗಿ ನೋಡಿದಳು. ಪಟ್ಟಿಯ ಮೇಲೆ ಕೋಲು ಕುಣಿಯುತ್ತಿತ್ತು. ಟೀಚರು ಸುಮ್ಮನೆ ಬಡಿದಂತೆ ನಟಿಸಿ ತನ್ನನ್ನು ಸತಾಯಿಸುತ್ತಿದ್ದಾರೆ ಎಂದುಕೊಂಡಳು, ಬಾಯಿಗೆ ಕೈ ಅಡ್ಡ ಹಿಡಿದು ಕಿಲಕಿಲ ನಕ್ಕಳು. ಮತ್ತೆ ಜಾಣೆಯ ಹಾಗೆ ಗೋಡೆಯ ಕಡೆ ತಿರುಗಿ ಮಣಿ ಎತ್ತಿ ಹಿಡಿದಳು.

ಮಾಧುರಿ ಯಾವಾಗ ಎದ್ದಳೋ ತಿಳಿಯಲಿಲ್ಲ. ಮಗಳ ಹಿಂದೆ, ಒಂದು ಮೊಳ ದೂರದಲ್ಲಿ ಮಂಡಿಯೂರಿದಳು.

"ಶಿವೂ," ಎಂದು ತನ್ನ ಸಣ್ಣ ದನಿಯಲ್ಲಿ ಕರೆದಳು. "ಶಿವೂ, ಬಂಗಾರಾ. ಇಲ್ಲಿ ನೋಡ ನನ್ನವ್ವಾ."

ಶಿವಾನಿ ಸದ್ದಿಗಾಗಿ ಕಾಯುತ್ತಿದ್ದಳು.

ಮಾಧುರಿ ನನ್ನ ಕಡೆ ತಿರುಗಿದಳು. "ಅತ್ತೀ, ಇಷ್ಟು ದಿನಾ ನಾ ಕರದದ್ದು ಆಕಿಗೆ ಕೇಳೇ ಇಲ್ಲೇನ್ರಿ? ನನ್ನ ಕಂಡ್ರ ಆಗೂದಿಲ್ಲ ಅಂತ ತಿಳದಿದ್ನಲ್ರಿ ನಾ," ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತಳು. ನಾನು ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ತಗ್ಗಿನ ದನಿ ಕೇಳ್ತದೆ, ಏರಿದ್ದು ಕೇಳೋದಿಲ್ಲ ಅಂತ ಕಾಣ್ತದೆ. ನಾನು ಡಾಕ್ಟರಲ್ಲ, ಸೋಮವಾರವೇ ಕಿವಿ ಟೆಸ್ಟ್ ಮಾಡಿಸಿ. ಈಗೆಲ್ಲ ಕಿವಿಗೆ ಹಾಕೋ ಮಿಷನ್ ಉಂಟು, ಅದು ಹಾಕಿ ಎಷ್ಟೋ ಮಕ್ಕಳು ಮಾತಾಡ್ತಾರೆ," ಎಂದು ಯಶ್ಮಿತಾ ಒಂದೇ ಉಸಿರಿನಲ್ಲಿ ಹೇಳಿದಳು.

ಶಿವಪ್ರಕಾಶ ಫೋನು ತೆಗೆದು ಏನೋ ಒತ್ತಿ, ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಟಿಕೆಟ್ ಕ್ಯಾನ್ಸಲ್ ಮಾಡಿದೆ. ನೀ ಹೋಗೂದು ಬ್ಯಾಡ. ನಿನ್ನ ಕನ್ನಡದ್ದೇನೂ ತಪ್ಪಿಲ್ಲ."

ನಾಲ್ಕು ದಿನದಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದರೆ ಕುಣಿದಾಡಬೇಕಿತ್ತು. ಅವನ ಅಂಗಿಯ ಕಾಲರು ಹಿಡಿದು ಎಳೆದುಕೊಂಡೆ, ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

"ನನ್ನ ಕನ್ನಡದ್ದ ತಪ್ಪಿರಬೇಕಾಗಿತ್ತೋ ಪರಕಾಶ," ಎಂದೆ. "ಅದರದ ತಪ್ಪಿದ್ದಿದ್ರ ಛಲೋ ಇತ್ತು. ನಕ್ಕೋತ ಬಸ್ ಹತ್ತತಿದ್ದೆ ನಾ."