ಗಾಜಿನಂಗಡಿಯ ಎರಡನೇ ಗಾಡಿ

ದೊಡ್ಡ ಗಾಜು ಹೊರುವುದಕ್ಕೆ ಇಬ್ಬರು ಬೇಕೇ ಬೇಕು. ಮುಂದಿನವನು ದಾರಿ ಹೇಳಬೇಕು, ಹಿಂದಿನವನು ಬಾಯಿ ಮುಚ್ಚಿಕೊಂಡು ಕೇಳಬೇಕು. ಅಣ್ಣನ ಗಾಜಿನಂಗಡಿಯಲ್ಲಿ ಹದಿನೇಳು ವರ್ಷದಿಂದ ಅಣ್ಣ ಮುಂದೆ, ತಮ್ಮ ಹಿಂದೆ. "ಮೆಟ್ಟಿಲು", "ಹೊಸ್ತಿಲು", "ಸ್ವಲ್ಪ ಎಡಕ್ಕೆ" ಅಂತ ಅಣ್ಣ ಅನ್ನುತ್ತಿದ್ದ, ತಮ್ಮನ ಕಾಲು ಹಾಗೇ ನಡೆಯುತ್ತಿತ್ತು. ಈ ಪದ್ಧತಿ ಇದ್ದದ್ದಕ್ಕೇ ತಮ್ಮನ ಗುಟ್ಟು ಎರಡು ವರ್ಷ ಉಳಿದದ್ದು. ಅವನ ಕಣ್ಣಿನ ನರ ಒಣಗುತ್ತಿತ್ತು. ನೇರಕ್ಕಿದ್ದದ್ದು ಕಾಣುತ್ತಿತ್ತು, ಬಲಗಡೆಯದು ಇಲ್ಲವೇ ಇಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದೂ ಹೋಗುತ್ತದೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅವನು ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಕೆಲಸ ಹೋಯಿತು. ಗಾಜು ಬಿಟ್ಟರೆ ಅವನಿಗೆ ಬೇರೇನು ಗೊತ್ತು, ಮಣ್ಣು!

ಹೀಗಿರುವಾಗ ಅಂಗಡಿಯ ಆಡಿಟರು ಅಣ್ಣನ ತಲೆಗೆ ಹುಳ ಬಿಟ್ಟರು. "ಈ ವರ್ಷ ಲಾಭ ಜಾಸ್ತಿ ಇದೆ, ಟ್ಯಾಕ್ಸೂ ಜಾಸ್ತಿ. ಎರಡನೇ ಗಾಡಿ ತಗೊಂಡ್ಬಿಡಿ. ವರ್ಷ ಮುಗಿಯೋದ್ರೊಳಗೆ ರಸ್ತೆಗಿಳಿದ್ರೆ ಪೂರ್ತಿ ವಿನಾಯಿತಿ. ಆದ್ರೆ ಹಿಂದೆ ಸೀಟು ಇರ್ಬಾರ್ದು. ಇದ್ರೆ ಮನೆ ಗಾಡಿ ಅಂತ ಅರ್ಧಕ್ಕೆ ಕತ್ತರಿ ಹಾಕ್ತಾರೆ."

ಅಣ್ಣನಿಗೆ ಖುಷಿಯೋ ಖುಷಿ. ಎರಡು ಗಾಡಿ ಇದ್ದರೆ ಇಬ್ಬರೂ ಒಬ್ಬೊಬ್ಬ ಆಳು ಇಟ್ಟುಕೊಂಡು ಬೇರೆ ಬೇರೆ ಕೆಲಸಕ್ಕೆ ಹೋಗಬಹುದಲ್ಲ! ಭಾನುವಾರ ಬಂದರೆ ತಮ್ಮನನ್ನು ಎಳೆದುಕೊಂಡು ಗಾಡಿ ನೋಡಲು ಹೊರಟ. ತಮ್ಮ ಒಂದೊಂದಕ್ಕೂ ಒಂದೊಂದು ಹುಳುಕು ತೆಗೆದ. ಒಂದರ ಬಾಗಿಲು ಕಿರಿದು, ಒಂದರ ಛಾವಣಿ ಎತ್ತರ. ಬ್ಯಾಟರಿ ಗಾಡಿಗೆ ಮುಂದಿನ ವರ್ಷ ಬೆಲೆ ಇಳಿಯುತ್ತಂತೆ, ಕಾಯೋಣ.

"ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ. ಬ್ಯಾಟರಿ ಗಾಡಿಗೆ ಟ್ಯಾಕ್ಸಲ್ಲಿ ಇನ್ನೂ ಒಂಚೂರು ಜಾಸ್ತಿ ಉಳಿಯುತ್ತೆ ಅಂತ ಆಡಿಟರು ಅಂದಿದಾರೆ ಕಣೋ, ತೆಪ್ಪಗಿರು," ಅಂದ ಅಣ್ಣ, ನಗುತ್ತ.

ತಮ್ಮನಿಗೆ ನಗು ಬರಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅವನು ವಾರಕ್ಕೊಂದು ದೊಣ್ಣೆ ತಪ್ಪಿಸಿಕೊಂಡು ಸುಸ್ತಾಗಿ ಹೋಗಿದ್ದ.

ವರ್ಷ ಮುಗಿಯಲು ಆರು ದಿನ ಉಳಿದಾಗ ಅಣ್ಣ ಅವನನ್ನು ಶೋರೂಮಿನ ಅಂಗಳಕ್ಕೆ ಕರೆದೊಯ್ದು ಬಿಳಿ ವ್ಯಾನೊಂದರ ಮುಂದೆ ನಿಲ್ಲಿಸಿದ. ಎರಡೇ ಸೀಟು, ಹಿಂದೆಲ್ಲ ಬರೀ ಜಾಗ. ಅಣ್ಣ ಜೇಬಿನಿಂದ ಮಡಿಸಿದ ಕಾಗದ ತೆಗೆದ.

"ಪಾಲುದಾರಿಕೆ ಪತ್ರ. ಇನ್ನು ನೀನು ಕೂಲಿಯವನಲ್ಲ ಕಣೋ, ಅರ್ಧ ಅಂಗಡಿ ನಿಂದು. ಇದು ನಿನ್ನ ಗಾಡಿ. ಹತ್ತಿ ಒಂದು ಸುತ್ತು ಹೊಡಿ."

ಅಯ್ಯೋ ದೇವರೇ! ಈ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ! ಈಗ ಬಂತು. ಹೇಳಿಬಿಡಬೇಕು ಅನಿಸಿತು. ಅಂಗಳ ಖಾಲಿ ಇದೆ, ನಿಧಾನಕ್ಕೆ ಒಂದೇ ಒಂದು ಸುತ್ತು, ಅಂತಲೂ ಅನಿಸಿತು. ಹತ್ತಿ ಕೂತ.

ಇಪ್ಪತ್ತಡಿ ಹೋಗಿರಬಹುದು. "ಏಯ್! ಏಯ್!" ಅಂತ ಅಣ್ಣ ಕಿರುಚಿದ. ತಮ್ಮ ಬ್ರೇಕು ತುಳಿದ. ಬಲಗಡೆ ಬೇರೊಂದು ಗಾಡಿ ಒರೆಸುತ್ತಿದ್ದ ಹೆಂಗಸು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ಬಕೆಟ್ಟು ಚಕ್ರದಡಿ ಅಪ್ಪಚ್ಚಿಯಾಗಿತ್ತು.

"ಅಷ್ಟು ದೊಡ್ಡ ಹೆಂಗಸು ಕಾಣ್ಲಿಲ್ವೇನೋ ನಿಂಗೆ?"

"ಇಲ್ಲ ಅಣ್ಣ. ಆ ಕಡೆ ನಂಗೇನೂ ಕಾಣಲ್ಲ. ಎರಡು ವರ್ಷ ಆಯ್ತು."

ಅಣ್ಣ ಬಯ್ಯುತ್ತಾನೆ ಅಂತ ತಮ್ಮ ಅಂದುಕೊಂಡಿದ್ದ. ಬಯ್ಯಲಿಲ್ಲ. ಶೋರೂಮಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಹೋದ ತಿಂಗಳು ಆ ಸ್ಕೂಲು," ಅಂದ. "ಗಾಜು ಮೂರನೇ ಮಹಡಿಗೆ ಹತ್ತಿಸಿದ್ವಿ. ಕೆಳಗೆ ಮಕ್ಕಳು ಸಾಲಾಗಿ ನಿಂತಿದ್ರು. ನಾನು ಒಂದು ಮೆಟ್ಟಿಲು ತಪ್ಪಿ ಹೇಳಿದ್ರೆ?"

"ನೀನು ತಪ್ಪಲ್ಲ ಅಂತ ನಂಬಿದ್ದೆ."

"ನಂಬಿದ್ಯಂತೆ! ನಾನೂ ನಿನ್ನ ನಂಬಿದ್ದೆ." ಅಣ್ಣನ ಕಣ್ಣು ತುಂಬಿ ಬಂತು. ಪತ್ರವನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡ. "ನಾಳೆಯಿಂದ ಗಾಜು ಮುಟ್ಟಬೇಡ."

ಗಾಡಿ ಓಡಿಸುವುದು ಬೇಡ ಅನ್ನುತ್ತಾನೆ ಅಂತ ತಮ್ಮನಿಗೆ ಗೊತ್ತಿತ್ತು. ಇಷ್ಟು ಹೇಳುತ್ತಾನೆ ಅಂತ ಗೊತ್ತಿರಲಿಲ್ಲ. "ಹಿಂದೆ ಹಿಡ್ಕೊಂಡಿರ್ತೀನಿ ಅಣ್ಣ, ಮೊದಲಿನ ಹಾಗೇ," ಅಂತ ಅಂಗಲಾಚಿದ. ಅಣ್ಣ ಎದ್ದು ಶೋರೂಮಿನ ಒಳಗೆ ಹೋದ. ತಮ್ಮ ಬಲಗೈಯಲ್ಲಿ ಬಾಗಿಲು ಸವರಿಕೊಂಡು ಹಿಂದೆ ಬಂದ.

ಅಣ್ಣ ಮೇಜಿನ ಮುಂದೆ ನಿಂತು ಗಾಡಿ ಮಾರುವವನನ್ನು ಕೇಳುತ್ತಿದ್ದ: "ದೊಡ್ಡ ಗಾಜು ತಾನೇ ಎತ್ತಿ ಇಳಿಸೋ ಯಂತ್ರ ಇರುತ್ತಲ್ಲ, ನಾನೊಬ್ಬನೇ ಕೆಲಸ ಮಾಡೋ ಥರದ್ದು. ಅಂಥ ಗಾಡಿ ಇದೆಯಾ?"

"ಇದೆ ಸಾರ್. ಯಂತ್ರ ಇದ್ರೆ ಟ್ಯಾಕ್ಸಲ್ಲಿ ಇನ್ನೂ ಜಾಸ್ತಿ ಉಳಿಯುತ್ತೆ."

ಅಣ್ಣ ತಮ್ಮನ ಕಡೆ ತಿರುಗಿ ನೋಡಲಿಲ್ಲ.

"ಅದನ್ನೇ ಬರ್ಕೊಳ್ಳಿ," ಅಂದ.