ಟವಲಿನ ಹೊಣೆ

"ಇನ್ನೊಂದೇ ಒಂದು ಪುಟ್ಟಿ, ಇದೊಂದೇ," ಅಂದರು ಡಾಕ್ಟರು. ಆಗಿನಿಂದಲೂ ಅವರು ಹೇಳುತ್ತಿದ್ದದ್ದು ಅದನ್ನೇ.

ಅನ್ಝುವಿನ ಕಾಲುಗಳನ್ನು ನರ್ಸ್ ಒತ್ತಿ ಹಿಡಿದಿದ್ದಳು. ಕೈಗಳನ್ನು ಹಿಡಿದಿದ್ದವಳು ಮಿಚಿರು, ಹೆತ್ತ ತಾಯಿ. ಮಗುವಿನ ಮೊಣಕಾಲಿನ ಹಿಂದೆ, ಪಕ್ಕೆಯ ಮೇಲೆ, ಕಂಕುಳ ಸುತ್ತ ಮುತ್ತಿನ ಹಾಗೆ ಹೊಳೆಯುವ ಸಣ್ಣ ಗುಳ್ಳೆಗಳು. ನೀರುನರಹುಲಿ ಅನ್ನುತ್ತಾರೆ. ಯಾವುದೋ ವೈರಸ್ಸಿನಿಂದ ಏಳುವ ಅದು ಆ ಬಂದರು ಊರಿನ ಅರ್ಧ ಮಕ್ಕಳಿಗೆ ಒಂದಲ್ಲ ಒಂದು ಬೇಸಗೆಯಲ್ಲಿ ಬಂದು ಹೋಗಿತ್ತು. ನೋವು ಗೊತ್ತಾಗದಿರಲಿ ಎಂದು ಮನೆಯಲ್ಲೇ ಮರಗಟ್ಟಿಸುವ ಪಟ್ಟಿ ಅಂಟಿಸಿ ಕರೆತಂದಿದ್ದಳು. ಆದರೆ ಮಳೆಗಾಲದ ಸೆಕೆಗೆ ಮೈ ಬೆವೆತು ಅರ್ಧ ಪಟ್ಟಿಗಳು ದಾರಿಯಲ್ಲೇ ಕಳಚಿಕೊಂಡಿದ್ದವು.

ಡಾಕ್ಟರು ಚಿಮಟದಿಂದ ಗುಳ್ಳೆಯನ್ನು ಕಚ್ಚಿ ಹಿಡಿದು ಸಣ್ಣಗೆ ಎಳೆಯುತ್ತಿದ್ದರು. ಆ ಎಳೆತ ಮಿಚಿರುವಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಮೀನಿನ ವಿಭಾಗದಲ್ಲಿ ದಿನವಿಡೀ ಅವಳು ಬಂಗುಡೆಯ ಮುಳ್ಳು ಕೀಳುವುದೂ ಹಾಗೆಯೇ. ಮಾಂಸ ಒಂದು ಕ್ಷಣ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಆದರೆ ಬಂಗುಡೆ ಕಣ್ಣು ಬಿಟ್ಟು ನೋಡುವುದಿಲ್ಲ. ಅನ್ಝು ನೋಡುತ್ತಿದ್ದಳು, ಡಾಕ್ಟರನ್ನಲ್ಲ, ಅಮ್ಮನನ್ನು.

"ಅಮ್ಮಾ, ಕೈ ಬಿಡು. ಬಿಡಮ್ಮಾ. ನಾನು ಜಾಣೆ ಆಗ್ತೀನಿ."

"ಆಯ್ತು ಮರೀ, ಮುಗೀತು," ಅಂದಳು ಮಿಚಿರು. ಕೈ ಬಿಡಲಿಲ್ಲ.

ಎಲ್ಲ ಮುಗಿದು ರಕ್ತದ ಚುಕ್ಕೆಗಳ ಮೇಲೆ ಹತ್ತಿ ಒತ್ತುವಾಗ ಡಾಕ್ಟರು ಸಲೀಸಾಗಿ ಹೇಳಿದರು: "ನೀರಿಂದ ಹರಡೋದಲ್ಲಮ್ಮ ಇದು. ಮೈಗೆ ಮೈ ತಾಗಿದ್ರೆ, ಒಬ್ಬರ ಟವಲಲ್ಲಿ ಇನ್ನೊಬ್ಬರು ಒರೆಸ್ಕೊಂಡ್ರೆ ಹರಡತ್ತೆ. ಸುಮ್ನೆ ಬಿಟ್ರೂ ತಾನಾಗೇ ಹೋಗತ್ತೆ. ಸ್ವಲ್ಪ ತಿಂಗಳು ಹಿಡಿಯತ್ತೆ, ಅಷ್ಟೆ."

"ಮತ್ತೆ... ಕೀಳೋದು?"

"ಶಿಶುವಿಹಾರದೋರು ಕೇಳ್ತಾರಲ್ಲಮ್ಮ!" ಡಾಕ್ಟರು ನಕ್ಕರು. ಮಿಚಿರು ಬಗ್ಗಿ ನಮಸ್ಕರಿಸಿ ಹೊರಬಂದಳು. ಬಗ್ಗುವುದು ಅವಳ ಬೆನ್ನಿಗೆ ರೂಢಿಯಾಗಿತ್ತು.

ಇಷ್ಟೆಲ್ಲ ಮಾಡಿದ್ದು ಶುಕ್ರವಾರ ಶಿಶುವಿಹಾರದ ಈಜುಕೊಳಕ್ಕೆ ಇಳಿಸಲೆಂದು. ವರ್ಷದ ಮೊದಲ ನೀರಾಟ. ಗುಳ್ಳೆ ಇದ್ದ ಮಕ್ಕಳಿಗೆ ನೀರಿಗಿಳಿಯಲು ಅಪ್ಪಣೆಯಿಲ್ಲ. ಗುರುವಾರ ರಾತ್ರಿ ಅನ್ಝು ಈಜುಟೊಪ್ಪಿ ಹಾಕಿಕೊಂಡೇ ಮಲಗಿದಳು. ಅತ್ತೆ ಫುಸಾಯೆ ಅದನ್ನು ನೋಡಿ, "ಮೊದಲೇ ಗುಂಡು ತಲೆ, ಈಗ ಥೇಟು ಆಕ್ಟೋಪಸ್ಸು," ಎಂದು ನಗಿಸಿದರು. ಮಗುವಿಗೆ ನಿದ್ದೆ ಹತ್ತಿದ ಮೇಲೆ ಸೊಸೆಯ ಕಡೆ ತಿರುಗಿ ದನಿ ಇಳಿಸಿದರು. "ನಿನ್ನ ಗಂಡನಿಗೂ ಇತ್ತು ಕಣೆ ಇದು. ಕಣ್ಣೆತ್ತಿ ನೋಡೋಕೂ ನನಗೆ ಪುರಸೊತ್ತಿರಲಿಲ್ಲ. ಚಳಿಗಾಲಕ್ಕೆ ಹೋಯ್ತು. ಈಗಿನೋರು ಅಪ್ಪಣೆ ಅಂದ್ರೆ ಸಾಕು, ಚರ್ಮ ಸುಲಿದು ಕೊಡ್ತೀರಿ."

"ಅವಳೊಬ್ಳೇ ಹೊರಗೆ ಕೂರಬಾರದಲ್ಲಾ ಅತ್ತೆ," ಅಂದಳು ಮಿಚಿರು.

ಶುಕ್ರವಾರ ಬೆಳಿಗ್ಗೆ ಶಿಶುವಿಹಾರದ ಬಾಗಿಲಲ್ಲಿ ಕುವಾಬಾರ ಟೀಚರ್ ಮಂಡಿಯೂರಿ ಕೂತು, ಒಂದೊಂದು ಮಗುವಿನ ಮೈಯನ್ನೂ ನಗುನಗುತ್ತಾ ತಿರುಗಿಸಿ ನೋಡಿದಳು. ಅನ್ಝುವಿನ ಸೊಂಟದ ಹತ್ತಿರ ಅವಳ ಬೆರಳು ನಿಂತಿತು.

"ಅಯ್ಯೋ, ಅನ್ಝು ಅಮ್ಮಾ... ಇಲ್ಲಿ ಹೊಸದು ಮೂರು ಎದ್ದಿದೆಯಲ್ಲ. ತುಂಬಾ ಬೇಜಾರಾಗತ್ತೆ ನನಗೆ. ಇನ್ನೊಂದು ಸಲ ಡಾಕ್ಟರ್ ಹತ್ರ ಹೋಗಿಬಂದ್ಬಿಡಿ, ಮುಂದಿನ ವಾರ ಖಂಡಿತ! ಇವತ್ತು ನಮ್ಮ ಅನ್ಝುಗೆ ಒಂದು ವಿಶೇಷ ಕೆಲಸ ಇದೆ. ಅಲ್ವಾ ಅನ್ಝು?"

ಮಿಚಿರು "ತೊಂದರೆ ಕೊಟ್ಟೆ, ಕ್ಷಮಿಸಿ" ಅಂದಳು. ಹಾಗಂದದ್ದು ಬಾಯಿ ಮಾತ್ರ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅಂಗಡಿಯಿಂದ ಬಿಡುವು ಕೇಳಿಕೊಂಡು ಅವಳು ಬಂದಳು. ಅಳುತ್ತಿದ್ದರೆ ಕರೆದುಕೊಂಡು ಹೋಗೋಣ ಎಂದಷ್ಟೇ ಮನಸ್ಸಿನಲ್ಲಿತ್ತು. ಬೇಲಿಯ ಆಚೆ ಕೇಕೆ, ನೀರಿನ ಸದ್ದು. ಕೊಳದ ಪಕ್ಕ ಬಿದಿರ ಚಾಪೆಯ ನೆರಳಲ್ಲಿ ಅನ್ಝು ನಿಂತಿದ್ದಳು. ಅಳುತ್ತಿರಲಿಲ್ಲ. ಎದೆಯ ಮೇಲೆ ಟವಲಿನ ಚಿತ್ರ ಬರೆದ ಬಟ್ಟೆಯ ಬಿಲ್ಲೆ. ಆ ಶಿಶುವಿಹಾರದಲ್ಲಿ ಯಾವ ಮಗುವೂ ಕೆಲಸವಿಲ್ಲದೆ ಕೂರುವಂತಿಲ್ಲ. ಮೊಲಕ್ಕೆ ಸೊಪ್ಪು ಹಾಕುವುದು ಒಬ್ಬರ ಹೊಣೆ, ಊಟಕ್ಕೆ ಮುಂಚೆ ಎಲ್ಲರಿಂದ ಕೈ ಮುಗಿಸುವುದು ಇನ್ನೊಬ್ಬರ ಹೊಣೆ. ನೀರಿಗಿಳಿಯದ ಮಗುವಿಗೆ ಟವಲಿನ ಹೊಣೆ.

ನೀರಿನಿಂದ ಮೇಲೆ ಬಂದ ಪ್ರತಿಯೊಬ್ಬರಿಗೂ ಅನ್ಝು ಬುಟ್ಟಿಯಿಂದ ಟವಲು ತೆಗೆದು ಎರಡೂ ಕೈಯಲ್ಲಿ ಕೊಡುತ್ತಿದ್ದಳು. "ಸುಸ್ತಾಯ್ತಾ? ತಗೊಳ್ಳಿ!" ಅವರು ಮೈ ಒರೆಸಿಕೊಂಡು ಮತ್ತೆ ಬುಟ್ಟಿಗೆ ಎಸೆದು ನೀರಿಗೆ ಓಡುತ್ತಿದ್ದರು. ಆ ಒದ್ದೆ ಟವಲನ್ನೇ ಅವಳು ಎದೆಗೊತ್ತಿ, ಅಂದವಾಗಿ ಮಡಿಸಿ, ಮುಂದೆ ಬಂದವರಿಗೆ ಕೊಡುತ್ತಿದ್ದಳು. ಕಿತ್ತ ಗಾಯಗಳ ಮೇಲಿನ ಹಕ್ಕಳೆ ಅವಳ ತೋಳಡಿಯಲ್ಲಿ ಕೆಂಪಗೆ ಕಾಣುತ್ತಿತ್ತು.

ಮಿಚಿರು ಬೇಲಿಯ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

"ಯಾರ ಟವಲ್ ರೀ ಇದು?"

ಕುವಾಬಾರ ಟೀಚರ್ ಬೆಚ್ಚಿ ತಿರುಗಿದಳು. "ಓ, ಅನ್ಝು ಅಮ್ಮ! ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದಾಳೆ ನೋಡಿ—"

"ಯಾರ ಟವಲ್ ಅಂತ ಕೇಳಿದೆ."

"ಎಲ್ಲಾರದೂ... ಶಿಶುವಿಹಾರದ್ದು."

"ನೀರಿಗೆ ಇಳಿದ್ರೆ ಅಂಟತ್ತೆ ಅಂತ ಹೊರಗೆ ನಿಲ್ಲಿಸಿದೀರಿ. ನಿಲ್ಲಿಸಿ, ಊರಿನ ಮಕ್ಕಳಿಗೆಲ್ಲ ಅವಳ ಕೈಯಿಂದಾನೇ ಟವಲ್ ಹಂಚಿಸ್ತಾ ಇದೀರಿ! ಅಂಟೋದೇ ಟವಲಿಂದ ಕಣ್ರೀ. ಡಾಕ್ಟರ್ನ ಒಂದು ಮಾತು ಕೇಳಿದೀರಾ? ಇದಕ್ಕೋಸ್ಕರ ನಾನು ನನ್ನ ಮಗೂನ ಹಿಡ್ಕೊಂಡೆ. ಮೀನು ಹಿಡ್ಕೊಂಡ ಹಾಗೆ ಹಿಡ್ಕೊಂಡೆ! ಬಿಡಮ್ಮಾ ಬಿಡಮ್ಮಾ ಅಂತಿತ್ತು ಅದು."

ಮಕ್ಕಳು ಸೊಂಟದವರೆಗೆ ನೀರಲ್ಲಿ ನಿಂತು ನೋಡಿದರು. ಅಷ್ಟು ಗಟ್ಟಿಯಾಗಿ ಮಾತಾಡುವ ದೊಡ್ಡವರನ್ನು ಅವರು ಹೆಚ್ಚು ಕಂಡಿರಲಿಲ್ಲ.

ಮುಖ್ಯಸ್ಥೆ ಮೊರೊಝುಮಿ ಚಪ್ಪಲಿ ಸಿಕ್ಕಿಸಿಕೊಂಡು ಓಡಿಬಂದರು. ಬಂದವರೇ ಬಗ್ಗಿದರು. ಕುವಾಬಾರ ಟೀಚರೂ ಬಗ್ಗಿದಳು. "ನಿಮ್ಮ ಮನಸ್ಸಿಗೆ ನೋವಾಗಿದೆ, ನಮ್ಮದು ತಪ್ಪು. ಆದ್ರೆ ಬೇರೆ ಪೋಷಕರೂ ಹೆದರ್ತಾರೆ, ನೀವೂ ಸ್ವಲ್ಪ ಅರ್ಥ ಮಾಡ್ಕೋಬೇಕು..." ಆ ಬಗ್ಗಿದ ಎರಡು ಬೆನ್ನುಗಳು ಮುಚ್ಚಿದ ಬಾಗಿಲಿನಂತಿದ್ದವು. ಎಷ್ಟು ತಟ್ಟಿದರೂ ಒಳಗಿಂದ ಯಾರೂ ಬರುವುದಿಲ್ಲ.

"ಇನ್ನು ಕೀಳ್ಸಲ್ಲ," ಅಂದಳು ಮಿಚಿರು. "ಒಂದೂ ಕೀಳ್ಸಲ್ಲ. ಕೊಳಕ್ಕೆ ಬಿಡ್ತೀರೋ ಇಲ್ವೋ?"

"ಗುಳ್ಳೆ ಇದ್ದಷ್ಟು ದಿನ ಕೊಳ ಕಷ್ಟ," ಅಂದರು ಮೊರೊಝುಮಿ ಮೆಲ್ಲಗೆ. "ಟವಲಿನ ವಿಷಯ ಈಗಲೇ ಸರಿಮಾಡ್ತೀವಿ."

ಸರಿಮಾಡಿದರು. ಕುವಾಬಾರ ಟೀಚರ್ ಅನ್ಝುವಿನ ಮುಂದೆ ಮಂಡಿಯೂರಿ, ಅದೇ ನಗುವಿನಲ್ಲಿ, ಎದೆಯ ಬಿಲ್ಲೆಯ ಪಿನ್ನು ಬಿಚ್ಚಿ ತೆಗೆದುಕೊಂಡಳು. ಇಡೀ ಬೆಳಿಗ್ಗೆ ಅಳದಿದ್ದ ಮಗುವಿನ ತುಟಿ ಆಗ ಅದುರಿತು.

"ನಾನು ಚೆನ್ನಾಗಿ ಮಾಡ್ಲಿಲ್ವಾ ಟೀಚರ್?"

ಮನೆಯ ದಾರಿಯುದ್ದಕ್ಕೂ ಅನ್ಝು ಅಮ್ಮನ ಹಿಂದೆ ಎರಡು ಹೆಜ್ಜೆ ಬಿಟ್ಟೇ ನಡೆದಳು. ಮಿಚಿರುವಿಗೆ ಡಾಕ್ಟರ ಮೇಲೆ, ಟೀಚರ ಮೇಲೆ, ಆ ಬಗ್ಗಿದ ಬೆನ್ನುಗಳ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಎರಡು ಕೈಗಳ ಮೇಲೆ. ಕೇಳಬೇಕಾದ್ದನ್ನು ಚಿಕಿತ್ಸೆಯ ಕೋಣೆಯಲ್ಲೇ ಕೇಳಬಹುದಿತ್ತು.

ಮನೆ ಮುಟ್ಟಿದವಳೇ ಬಟ್ಟೆ ನೆನೆಹಾಕುವ ದೊಡ್ಡ ಟಬ್ಬನ್ನು ದರದರ ಎಳೆದು ಓಣಿಗೆ ತಂದಳು. ಫುಸಾಯೆ ಕಿಟಕಿಯಿಂದ ಬಗ್ಗಿದರು. "ಏನೇ ಇದು, ಬೀದೀಲಿ ಬಟ್ಟೆ ಒಗೀತೀಯಾ?"

"ಈಜುಕೊಳ ಅತ್ತೆ. ಏನಾದ್ರೂ ಅಂತೀರಾ?"

ಫುಸಾಯೆ ಸೊಸೆಯ ಮುಖ ನೋಡಿದರು. ನೀರಿನ ಕೊಳವೆ ತಂದು ಕೊಟ್ಟು, ಪಕ್ಕದ ಮನೆಯವರಿಗೆ ಕೇಳಿಸುವಂತೆ ಗಟ್ಟಿಯಾಗಿ, "ಟೊಪ್ಪಿ ಎಲ್ಲಿ ಆಕ್ಟೋಪಸ್ಸಿಂದು?" ಅಂದರು.

ಅನ್ಝು ಮೊದಲು ಬಿಗುಮಾನದಿಂದ ಕೂತಳು. ಆಮೇಲೆ ಕಾಲು ಬಡಿದಳು. ಆಮೇಲೆ ಅಜ್ಜಿಯನ್ನೇ ಪೂರ್ತಿ ನೆನೆಸಿ ಕಿರುಚಿ ನಕ್ಕಳು. ಬಿಸಿಲು ಗೋಡೆ ಏರುವ ತನಕ ನೀರಲ್ಲೇ ಇದ್ದಳು.

"ಸಾಕು ಬಾ, ತುಟಿ ನೀಲಿಯಾಯ್ತು," ಎನ್ನುತ್ತಾ ಮಿಚಿರು ಟವಲು ಬಿಡಿಸಿ, ಒರೆಸಲೆಂದು ಮಗುವಿನ ಮುಂಗೈ ಹಿಡಿದಳು.

ಅನ್ಝು ಥಟ್ಟನೆ ಕೈ ಎಳೆದುಕೊಂಡಳು. ನಗು ನಿಂತಿತು. ಎರಡೂ ತೋಳುಗಳನ್ನು ಪಕ್ಕೆಗೆ ಒತ್ತಿ ಟಬ್ಬಿನ ಆಚೆ ಅಂಚಿಗೆ ಸರಿದಳು.

ಮಿಚಿರು ಟವಲನ್ನು ಟಬ್ಬಿನ ಅಂಚಿನ ಮೇಲೆ ಹಾಕಿದಳು. ಹಿಂದೆ ಸರಿದು, ಹೊಸ್ತಿಲ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅನ್ಝು ತಾನೇ ಹೊರಗಿಳಿದಳು. ಟವಲು ತೆಗೆದುಕೊಂಡಳು. ಕಾಲು, ಹೊಟ್ಟೆ, ಪಕ್ಕೆಯ ಹಕ್ಕಳೆಗಳ ಸುತ್ತ ಒತ್ತಿ ಒತ್ತಿ ಒರೆಸಿಕೊಂಡಳು. ಆಮೇಲೆ ಅದನ್ನು ಮೂಲೆಗೆ ಮೂಲೆ ಕೂಡಿಸಿ ಅಂದವಾಗಿ ಮಡಿಸಿ, ಯಾರಿಗೂ ಕೊಡದೆ, ಎದೆಗೊತ್ತಿಕೊಂಡು ನಿಂತಳು.